ಬೈಕ್ ಅಂಗಡಿಯ ತಂಪು ಪೆಟ್ಟಿಗೆ

ಹುಲುಗೇಶ ಹೆಣ ಇಡುವ ಫ್ರೀಜರ್ ಪೆಟ್ಟಿಗೆಯನ್ನು ತನ್ನ ಬೈಕ್ ಅಂಗಡಿಗೆ ತಂದ ದಿನ ಅವನ ತಾಯಿ ಸಾವಂತ್ರಮ್ಮ ಊಟ ಮಾಡಲಿಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಫ್ರಿಜ್ ರಿಪೇರಿ ಮಾಡುವವನೊಬ್ಬನಿಂದ ಹಳೆಯ ಪೆಟ್ಟಿಗೆಯನ್ನು ಕೊಂಡು, ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು, ಮಧ್ಯಾಹ್ನದ ಊಟದ ಹೊತ್ತಿಗೆ ಅವನು ಕುರುಗೋಡು ಮುಟ್ಟಿದ್ದ. ಕೆಳಗೆ ಉದ್ದನೆಯ ಸ್ಟೀಲ್ ಪೆಟ್ಟಿಗೆ, ಮೇಲೆ ಗಾಜಿನ ಮುಚ್ಚಳ, ಕಾಲಿನ ಕಡೆ ಮೋಟರು. ಅಂಗಡಿಯ ಮಗ್ಗುಲಲ್ಲಿ ಬೈಕ್ ತೊಳೆಯುವ ತಗಡಿನ ಚಪ್ಪರವಿತ್ತು. ಅದನ್ನು ಅಲ್ಲಿ ಇಳಿಸಿದರು.

ಅಂಗಡಿಯ ಹಿಂದೆಯೇ ಮನೆ. ನಡುವೆ ಒಂದೇ ಬಾಗಿಲು. ಅಡುಗೆಮನೆಯಲ್ಲಿ ಕೂತರೆ ಚಪ್ಪರದಲ್ಲಿ ನೀರು ಬಿಡುವ ಸದ್ದು ಕೇಳುತ್ತಿತ್ತು.

"ಹೆಣದ ಪೆಟ್ಟಿಗಿ ಬಾಗಿಲಾಗ ಇಟಗೊಂಡು ರೊಟ್ಟಿ ಹೆಂಗ ಇಳೀತಾವೋ ನಿಮಗ?" ಎಂದಳು ಸಾವಂತ್ರಮ್ಮ.

"ಖಾಲಿ ಐತವ್ವ ಅದು. ಒಳಗ ಯಾರೂ ಇಲ್ಲ."

"ಇವತ್ತ ಇಲ್ಲ. ನಾಳಿಗೆ?"

ಮುದುಕ ಚಿದಾನಂದಪ್ಪ ಪುಂಡಿಪಲ್ಯಕ್ಕೆ ರೊಟ್ಟಿ ಅದ್ದುತ್ತಾ ಮಗನ ಪರ ವಹಿಸಿದ. ಆ ಅಂಗಡಿ ಅವನು ಸೈಕಲ್ ಪಂಚರ್ ಹಾಕುತ್ತಾ ಕಟ್ಟಿದ್ದು. "ಬೈಕ್ ಕೆಟ್ಟರ ಈಗ ಎಲ್ಲಾರೂ ಕಂಪನಿ ಶೋರೂಮಿಗೆ ಹೊಕ್ಕಾರ. ಒಂದು ಆಯಿಲ್ ಬದಲಿ ಮಾಡಾಕ ಸೈತ ಬಳ್ಳಾರಿಗೆ ಹೊಂಟಾರ. ಅಂವ ಕೈಕಟ್ಟಿ ಕೂಡಬೇಕೇನು? ಸತ್ತವರ ಸೇವಾ ಅಂತ ತಿಳಕೋ, ತಿನ್ನು."

"ಸೇವಾ ಅಂದ್ರ ಬಾಡಿಗಿ ಇಸಗೋಬಾರ್ದು," ಎಂದು ಸಾವಂತ್ರಮ್ಮ ಎದ್ದು ಹೋದಳು.

ಬೋರ್ಡಿನ ಮೇಲೆ ಪಂಚರ್, ಆಯಿಲ್, ವಾಟರ್ ಸರ್ವಿಸ್ ಎಂದು ಬರೆದಿದ್ದರ ಕೆಳಗೆ 'ಶವದ ಫ್ರೀಜರ್ ಬಾಡಿಗೆಗೆ ಸಿಗುತ್ತದೆ' ಎಂಬ ಸಾಲು ಸೇರಿತು. ಅದರ ಪಕ್ಕದಲ್ಲಿ ಬರೆಸಿದ ಫೋನ್ ನಂಬರು ಹುಲುಗೇಶನದಲ್ಲ, ಅವನ ಹೆಂಡತಿ ಅರುಣಾಳದು. ಇಂಜಿನ್ನುಗಳ ಸದ್ದಿನಲ್ಲಿ ಅವನಿಗೆ ಫೋನು ಕೇಳುತ್ತಿರಲಿಲ್ಲ, ಕೈ ಯಾವಾಗಲೂ ಗ್ರೀಸ್. ಹೀಗಾಗಿ ಸುತ್ತಲಿನ ಹಳ್ಳಿಗಳಲ್ಲಿ ಯಾರು ಸತ್ತರೂ ಮೊದಲು ಗೊತ್ತಾಗುವುದು ರೊಟ್ಟಿ ಬಡಿಯುತ್ತಾ ಕೂತ ಅರುಣಾಳಿಗೆ.

ಮೊದಮೊದಲು ಅತ್ತ ಕಡೆಯವರು ಅತ್ತರೆ ತಾನೂ ಅಳುತ್ತಿದ್ದಳು. ಆಮೇಲೆ ಏನು ಕೇಳಬೇಕೆಂದು ರೂಢಿಯಾಯಿತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು, ಹಂಚಿನ ಮೇಲಿನ ರೊಟ್ಟಿಯ ಮೇಲೆ ನೀರು ಸವರುತ್ತಾ, "ಯಾವಾಗ ಆತ್ರಿ? ಯಾರು ಬರೋದೈತ್ರಿ? ಬಾಗಲಾ ಎಷ್ಟು ಅಗಲ ಐತಿ, ಪೆಟ್ಟಿಗಿ ಹಿಡಿಸ್ತೈತೇನ್ರಿ? ಕರೆಂಟ್ ಇರ್ತೈತಲ್ರಿ?" ಎಂದು ಕೇಳುವಳು. ಮುಗಿದ ಮೇಲೆ "ಧೈರ್ಯ ತಗೋರಿ" ಎನ್ನುವುದನ್ನು ಮರೆಯುತ್ತಿರಲಿಲ್ಲ.

ಪೆಟ್ಟಿಗೆ ಒಂದು ಮನೆಗೆ ಹೋಗಿ ಬಂದರೆ ಸಾವಂತ್ರಮ್ಮ ಹಿತ್ತಲಲ್ಲಿ ಹಂಡೆ ಕಾಯಿಸಿ ಇಡುತ್ತಿದ್ದಳು. ತಲೆಯ ಮೇಲೆ ನೀರು ಹಾಕಿಕೊಳ್ಳದೆ ಮಗ ಹೊಸ್ತಿಲು ದಾಟುವಂತಿರಲಿಲ್ಲ. ಪೆಟ್ಟಿಗೆ ತೊಳೆಯುವ ಕೆಲಸ ಮಾತ್ರ ಅರುಣಾಳ ಪಾಲಿಗೆ ಬಂದಿತ್ತು. ಬೇರೆ ಯಾರೂ ಅದಕ್ಕೆ ಕೈ ಹಚ್ಚಲು ಒಪ್ಪಲಿಲ್ಲ. ಹೂವಿನ ಎಸಳು, ಊದುಬತ್ತಿಯ ಬೂದಿ, ಕೆಲವೊಮ್ಮೆ ಕೂದಲು. ಅವಳು ಫಿನಾಯಿಲ್ ಹಾಕಿ ತಿಕ್ಕಿ, ಮೋಟರು ಹಚ್ಚಿ ತಂಪಾಗುತ್ತದೋ ಇಲ್ಲವೋ ನೋಡಿ, ತಾಡಪಾಲು ಮುಚ್ಚಿ, ತಾನೂ ಸ್ನಾನ ಮಾಡಿ ಒಲೆಯ ಮುಂದೆ ಬಂದು ಕೂಡುವಳು.

ದುಡ್ಡು ಬಂತು. ಮಗಳು ಚೈತ್ರಾಳಿಗೆ ಟ್ಯೂಷನ್ ಹಚ್ಚಿದರು, ಮನೆಗೆ ನೀರಿನ ಟ್ಯಾಂಕು ಬಂತು. ಆದರೆ ಬೈಕಿನ ಗಿರಾಕಿಗಳು ಇನ್ನೂ ಕಡಿಮೆಯಾದರು. ಹೊಸ ಬೈಕ್ ಕೊಂಡವರು ಆ ಅಂಗಡಿಯ ಮುಂದೆ ನಿಲ್ಲಿಸಲಿಕ್ಕೂ ಹಿಂಜರಿದರು. ಬಂದವರು ಚಾ ಕೊಟ್ಟರೆ "ಈಗ ಕುಡದು ಬಂದೆ" ಎನ್ನುತ್ತಿದ್ದರು. ಹತ್ತನೇ ತರಗತಿಯ ಚೈತ್ರಾ ಒಂದು ಸಂಜೆ ಚೀಲ ಎಸೆದು ಕೂತಳು.

"ಸಾಲ್ಯಾಗ ನನ್ನ ಪಕ್ಕ ಕೂತಾಕಿ ಬೆಂಚು ಬದಲಿ ಮಾಡ್ಯಾಳಮ್ಮ. ನಿನ್ನ ಕೈ ತಣ್ಣಗ ಅದಾವ ಅಂತಾಳ."

"ಅಂದ್ರ ಅನ್ಲಿ ಬಿಡು."

"ನಿನಗೇನು, ನೀ ಮನ್ಯಾಗ ಇರ್ತಿ."

ಅರುಣಾ ಕಲಸಿಟ್ಟ ಮಂಡಕ್ಕಿಯನ್ನು ಚೈತ್ರಾ ಮುಟ್ಟಲಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ದಿನ, ಮೋಟರು ಹಚ್ಚಿ ಒದ್ದೆ ಬಟ್ಟೆಯಿಂದ ಸ್ಟೀಲ್ ಒರೆಸುತ್ತಿದ್ದಾಗ ಅರುಣಾಳ ಮುಂಗೈ ತನಕ ಜುಮ್ಮೆಂದಿತು. ಕೈ ಕೊಡವಿಕೊಂಡು ಮತ್ತೆ ಬೆರಳ ತುದಿ ತಾಗಿಸಿದಳು. ಮತ್ತೆ ಜುಮ್.

ಊಟಕ್ಕೆ ಬಡಿಸುವಾಗ ಹೇಳಿದಳು: "ರೀ, ಪೆಟ್ಟಿಗಿ ಮುಟ್ಟಿದ್ರ ಜುಮ್ ಅಂತೈತಿ."

"ಒದ್ದಿ ಕೈಲೆ ಮುಟ್ಟಿರ್ಬೇಕು."

"ತೊಳಿಯಾಕ ಒಣ ಕೈಲೆ ಹೆಂಗ ಆಗ್ತೈತ್ರಿ?"

"ನೋಡ್ತೀನಿ ಬಿಡು. ಅನ್ನ ಹಾಕು."

ಮರುದಿನ ಅವನು ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆಯ ಹಿಂದೆ ಕೂತಿದ್ದನ್ನು ಅವಳು ಕಂಡಿದ್ದಳು. ನೋಡಿದರಲ್ಲ ಎಂದು ಸುಮ್ಮನಾದಳು.

ಸಿರುಗುಪ್ಪದಿಂದ ಫೋನು ಬಂದದ್ದು ಅದಾಗಿ ಒಂದು ವಾರದೊಳಗೆ. ಮಾತಾಡಿದವನು ಚಂದ್ರಣ್ಣ, ಅಲ್ಲಿನ ರೈಸ್ ಮಿಲ್ಲಿನಲ್ಲಿ ತೂಕ ಮಾಡುವವನು. ತಂದೆ ಉಚ್ಚೆಂಗೆಪ್ಪ ತೀರಿಕೊಂಡಿದ್ದ. ದೊಡ್ಡ ಮಗ ಪುಣೆಯಿಂದ ಬರಬೇಕಾಗಿತ್ತು. ಅರುಣಾ ಎಂದಿನಂತೆ ಎಲ್ಲ ಕೇಳಿದಳು. "ಕರೆಂಟ್ ಇರ್ತೈತಲ್ರಿ?" ಎಂದಾಗ ಚಂದ್ರಣ್ಣ ಒಂದು ಗಳಿಗೆ ತಡೆದು, "ಇರ್ತೈತಿ, ಕಳಿಸ್ರಿ" ಎಂದ. ಹುಲುಗೇಶ ಅಂದು ಸಂಜೆಯೇ ಪೆಟ್ಟಿಗೆ ಇಳಿಸಿ, ಹೆಣ ಮಲಗಿಸಲು ಕೈಜೋಡಿಸಿ ಮರಳಿ ಬಂದ.

ಮರುದಿನ ಮಧ್ಯಾಹ್ನ ಪೆಟ್ಟಿಗೆ ತರಲು ಹೋದವನು ಬಂದಾಗ ಹೊತ್ತು ಮುಳುಗುತ್ತಿತ್ತು. ಸಾವಂತ್ರಮ್ಮ ಹಂಡೆಗೆ ಎರಡು ಸಲ ಉರಿ ಹಾಕಿದ್ದಳು. ಅವನು ಸ್ನಾನ ಮಾಡಲಿಲ್ಲ. ಚಪ್ಪರದಲ್ಲಿ ಬೈಕ್ ತೊಳೆಯುವ ಕಲ್ಲಿನ ಮೇಲೆ ಕೂತುಬಿಟ್ಟ.

"ನೀರು ಆರ್ತೈತಿ, ಏಳೋ," ಎಂದಳು ತಾಯಿ.

"ಆ ಮನ್ಯಾಗ ಇನ್ನೊಂದು ಸಾವಾತವ್ವ. ಮುದುಕನ ಸಣ್ಣ ಸೊಸಿ, ಆ ಚಂದ್ರಣ್ಣನ ಹೆಂಡ್ತಿ. ಸುಮಂಗಲಾ ಅಂತ. ಮಾವ ಸತ್ತ ದುಃಖಕ್ಕ ಎದಿ ಒಡಕೊಂಡು ಸತ್ತಳಂತ. ಇಬ್ಬರನ್ನೂ ಒಂದೇ ಹೊತ್ತಿಗೆ ಮಣ್ಣು ಮಾಡಿದ್ರು."

"ಶಿವನೇ! ಮಕ್ಕಳು?"

"ಒಂದು ಹೆಣ್ಣು ಕೂಸು."

ಅರುಣಾ ಬಕೆಟ್ಟು, ಫಿನಾಯಿಲ್ ತೆಗೆದುಕೊಂಡು ಚಪ್ಪರಕ್ಕೆ ಬಂದಳು. ಹುಲುಗೇಶ ತಟ್ಟನೆ ಎದ್ದು ಅಡ್ಡ ನಿಂತ.

"ಅದನ್ನ ಮುಟ್ಟಬ್ಯಾಡ."

"ತೊಳೀಲಿಲ್ಲ ಅಂದ್ರ ನಾತ ಹಿಡೀತೈತ್ರಿ."

"ಮುಟ್ಟಬ್ಯಾಡ ಅಂದ್ನೆಲ್ಲ! ಒಳಗ ಹೋಗು."

ಅವಳು ಬಕೆಟ್ಟು ಕೆಳಗಿಟ್ಟು ಅವನ ಮುಖ ನೋಡಿದಳು. "ಅವತ್ತು ಜುಮ್ ಅಂದಿದ್ದು... ನೋಡಿದ್ರಲ್ಲ, ಏನಿತ್ತು?"

"ಏನೂ ಇರ್ಲಿಲ್ಲ," ಎಂದು ಹುಲುಗೇಶ ತಾಡಪಾಲು ಎಳೆದು ಹಗ್ಗ ಬಿಗಿದ.

ಆ ವಾರ ಮೂರು ಕಡೆಯಿಂದ ಫೋನು ಬಂದವು. ಮೂವರಿಗೂ "ಪೆಟ್ಟಿಗಿ ಕೆಟ್ಟೈತ್ರಿ, ಬಳ್ಳಾರಿಗೆ ಕೇಳ್ರಿ" ಎಂದು ಅರುಣಾಳಿಂದ ಹೇಳಿಸಿದ. ಚಿದಾನಂದಪ್ಪನಿಗೆ ಸಿಟ್ಟು ಬಂತು.

"ಕೆಟ್ಟರ ರಿಪೇರಿ ಮಾಡಲೇ. ಬಂದ ಗಿರಾಕಿ ಯಾಕ ಬಿಡ್ತಿ?"

"ಕೆಟ್ಟಿಲ್ಲಪ್ಪ. ಒಂದು ಮನ್ಯಾಗ ಎರಡು ಹೆಣ ನೋಡಿ ಮನಸ್ಸು ಸರಿಯಿಲ್ಲ."

"ಕೆಟ್ಟಿಲ್ಲ ಅಂತಿ, ಕೊಡೂದಿಲ್ಲ ಅಂತಿ. ಖರೇ ಹೇಳು, ಪೆಟ್ಟಿಗಿ ಚಲೋ ಐತೋ ಇಲ್ಲೋ?"

"ಚಲೋ ಐತಿ. ನಿನ್ನಾಣಿ," ಎಂದ ಹುಲುಗೇಶ. ಅರುಣಾ ಬೇಳೆ ಆರಿಸುತ್ತಾ ಕೂತಲ್ಲೇ ತಲೆ ಎತ್ತಿದಳು. ಅವನು ಅವಳತ್ತ ನೋಡಲಿಲ್ಲ.

ನಂತರದ ಸೋಮವಾರ ಚಂದ್ರಣ್ಣನೇ ಅಂಗಡಿಗೆ ಬಂದ. ತಲೆ ಬೋಳಿಸಿಕೊಂಡಿದ್ದ, ಕಣ್ಣು ಒಳಗೆ ಹೋಗಿದ್ದವು. ಹುಲುಗೇಶನನ್ನು ಚಪ್ಪರದ ಮೂಲೆಗೆ ಕರೆದು ಮಾತಾಡಿದ. ಅಡುಗೆಮನೆಯ ಕಿಟಕಿಯಲ್ಲಿ ಅರುಣಾಳಿಗೆ ಎಲ್ಲ ಕೇಳಿಸಿತು.

"ನಮ್ಮ ಅತ್ತಿ ಬಿಡವಲ್ಲಳು. ಮಗಳು ಹೆಂಗ ಸತ್ತಳು ಹೇಳ್ರಿ, ಹೇಳ್ರಿ ಅಂತ ಮನಿ ಮನಿ ಅಡ್ಯಾಡಾಕತ್ಯಾಳ. ಪಾರಮ್ಮ ಅಂತ ಆಕಿ ಹೆಸರು. ಇಲ್ಲಿಗೆ ಬಂದ್ರೂ ಬಂದಾಳು. ಪೆಟ್ಟಿಗಿ ಚಲೋ ಇತ್ತು ಅನ್ನು, ಅಷ್ಟ ಸಾಕು."

"ನೀ ಕಣ್ಣಾರೆ ನೋಡಿದ್ಯೇನಣ್ಣ?"

"ನೋಡ್ದೆ. ಅಂಗಳಕ್ಕ ನೀರು ಹಾಕಿ ಒದ್ದಿ ಸೀರ್ಯಾಗ ಒಳಗ ಬಂದಳು. ಮಾವನ ಮಕ ನೋಡಾಕ ಪೆಟ್ಟಿಗಿ ಮ್ಯಾಲ ಬಗ್ಗಿದಳು. ಮತ್ತ ಏಳಲಿಲ್ಲ." ಚಂದ್ರಣ್ಣ ಟವೆಲಿನಿಂದ ಬಾಯಿ ಮುಚ್ಚಿಕೊಂಡ. "ನಮ್ಮದು ಕಂಬದಿಂದ ತಂತಿ ಕೊಕ್ಕಿ ಹಾಕಿ ತಗೊಂಡ ಕರೆಂಟು. ಬಿಲ್ಲು ಕಟ್ಟಲಿಲ್ಲ ಅಂತ ಮೀಟರ್ ಕಿತ್ತಿದ್ರು. ಹೊರಗ ಬಂದ್ರ ನಾನೂ ಒಳಗ, ನೀನೂ ಒಳಗ. ಕೂಸಿಗೆ ಯಾರು?"

ಆ ರಾತ್ರಿ ಗಂಡನ ತಾಟಿಗೆ ಸಾರು ಹಾಕುವಾಗ ಅರುಣಾ ಅವನ ಮುಖವನ್ನೇ ನೋಡುತ್ತಾ ನೆಲಕ್ಕೆ ಚೆಲ್ಲಿದಳು. "ಏನಾಗೈತಿ ಇವರಿಬ್ಬರಿಗೆ?" ಎಂದು ಸಾವಂತ್ರಮ್ಮ ಗೊಣಗುತ್ತಾ ತಾನೇ ಒರೆಸಿದಳು.

ಚೈತ್ರಾ ಅದೇ ವಾರ ಮನೆ ಬಿಟ್ಟಳು. ಅರುಣಾಳ ಅಕ್ಕ ಅಂಜನಾ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿದ್ದಳು. ಅಲ್ಲಿಂದಲೇ ಶಾಲೆಗೆ ಹೋಗುತ್ತೇನೆಂದು ಚೈತ್ರಾ ಹಟ ಹಿಡಿದಳು. ತಾತ ಬೈದ, ಅಜ್ಜಿ ಅತ್ತಳು. ಅರುಣಾ ಮಾತ್ರ ಬಟ್ಟೆ ಮಡಚಿ ಚೀಲಕ್ಕೆ ತುಂಬಿ, ಶೇಂಗಾ ಚಟ್ನಿಯ ಡಬ್ಬಿ ಇಟ್ಟು ಬಸ್ಸು ಹತ್ತಿಸಿದಳು.

"ಬೈಯೂದಿಲ್ಲೇನಮ್ಮ?" ಎಂದಳು ಚೈತ್ರಾ ಕಿಟಕಿಯಿಂದ.

"ಇಲ್ಲವ್ವ. ಕೆಲವು ದಿನ ಅಲ್ಲೇ ಇರು."

ಪಾರಮ್ಮ ಬಂದದ್ದು ಒಂದು ಗುರುವಾರ, ಬೆಳಗಿನ ಹತ್ತರ ಸುಮಾರಿಗೆ. ಅರುಣಾ ಒಳಗೆ ಅಕ್ಕಿ ತೊಳೆಯುತ್ತಿದ್ದಳು. ಹುಲುಗೇಶ ಆಗತಾನೇ ಒಂದು ಬೈಕ್ ತೊಳೆದು ಮುಗಿಸಿದ್ದ, ಚಪ್ಪರದ ನೆಲವೆಲ್ಲ ನೀರು. ಸೊಂಟಕ್ಕೆ ಸೆರಗು ಸಿಕ್ಕಿಸಿದ ಎಲುಬು ಕಾಣುವ ಹೆಂಗಸು, ಕಂಕುಳಲ್ಲಿ ಮೂರು ವರ್ಷದ ಹುಡುಗಿ. ಬೋರ್ಡನ್ನು ಬೆರಳಿಟ್ಟು ಓದಿಕೊಂಡು ಒಳಗೆ ಬಂದಳು.

"ನಾನು ಸುಮಂಗಲಾನ ತಾಯಿ. ಸಿರುಗುಪ್ಪಕ್ಕ ಪೆಟ್ಟಿಗಿ ಕೊಟ್ಟೋರು ನೀವ ಏನಪ್ಪ?"

ಹುಲುಗೇಶ ಕೈಯಲ್ಲಿದ್ದ ಪೈಪು ಕೆಳಗೆ ಹಾಕಿದ. ಚಿದಾನಂದಪ್ಪ ಕುರ್ಚಿ ಎಳೆದು, "ಕುಂದರವ್ವ" ಎಂದ. ಅವಳು ಕೂಡಲಿಲ್ಲ.

"ಮಾವ ಸತ್ತದ್ದಕ್ಕ ಎದಿ ಒಡದು ಸತ್ತಳು ಅಂತಾರ. ಆ ಮಾವ ಆಕಿಗೆ ಒಂದು ದಿನ ಹೊಟ್ಟಿತುಂಬ ಉಣ್ಣಾಕ ಬಿಟ್ಟೋನಲ್ಲ. ಹಬ್ಬಕ್ಕ ತವರಿಗೆ ಕಳಿಸಿದೋನಲ್ಲ. ಅವನ ಸಲುವಾಗಿ ನನ್ನ ಮಗಳ ಎದಿ ಯಾಕ ಒಡೀಬೇಕು? ನಾ ಹೋಗೂದ್ರೊಳಗ ಬಾಯಿಗೆ ಅರಿವಿ ಕಟ್ಟಿ, ಮೈತುಂಬ ಸೀರಿ ಸುತ್ತಿ ಇಟ್ಟಿದ್ರು. ಕೈ ನೋಡಾಕ ಕೊಡಲಿಲ್ಲ."

"ನಮ್ಮ ಪೆಟ್ಟಿಗಿ ಚಲೋ ಐತವ್ವ," ಎಂದ ಹುಲುಗೇಶ.

"ನಾ ಪೆಟ್ಟಿಗಿ ಸುದ್ದಿ ಎತ್ತಲಿಲ್ಲಲ್ಲಪ್ಪ," ಎಂದಳು ಪಾರಮ್ಮ.

ಚಿದಾನಂದಪ್ಪನಿಗೆ ಇದು ಮಾನದ ಮಾತಾಗಿ ಕಂಡಿತು. ಇಷ್ಟು ವರ್ಷ ಈ ರಸ್ತೆಯಲ್ಲಿ ಕೂತವನು, ಒಂದು ಬ್ರೇಕ್ ಸಡಿಲ ಬಿಟ್ಟು ಗಿರಾಕಿಯನ್ನು ಕಳಿಸಿದವನಲ್ಲ. "ಸಂಶಯ ಇಟಗೊಂಡು ಹೋಗಬ್ಯಾಡವ್ವ. ಇಲ್ಲೇ ಐತಿ, ನಿನ್ನ ಕಣ್ಣ ಮುಂದ ಹಚ್ಚಿ ತೋರಸ್ತೀನಿ," ಎಂದು ತಾಡಪಾಲು ಸರಿಸಿದ.

"ಬ್ಯಾಡಪ್ಪ, ಬಿಡು," ಎಂದ ಹುಲುಗೇಶ.

"ಯಾಕ ಬ್ಯಾಡ?"

ಮುದುಕ ವೈರು ಎಳೆದು ಗೋಡೆಯ ಪ್ಲಗ್ಗಿಗೆ ಚುಚ್ಚಿದ. ಮೋಟರು ಗುರ್ ಎಂದಿತು. ರಬ್ಬರ್ ಚಪ್ಪಲಿ ಮೆಟ್ಟಿದ ಕಾಲಲ್ಲಿ ಮುಂದೆ ಬಂದು, ಪಂಚೆಗೆ ಅಂಗೈ ಒರೆಸಿ ಸ್ಟೀಲಿನ ಮೇಲೆ ಊರಿ ನಿಂತ. ಹುಲುಗೇಶನ ತುಟಿ ಬೆಳ್ಳಗಾಗಿದ್ದವು. ಏನೂ ಆಗಲಿಲ್ಲ.

"ನೋಡಿದ್ಯವ್ವ? ಏನರ ಆತೇನು? ದೇವರು ಕರಕೊಂಡ, ಯಾರೇನು ಮಾಡಾಕ ಬರ್ತೈತಿ?"

ಪಾರಮ್ಮ ನೋಡುತ್ತ ನಿಂತಳು. ಆಮೇಲೆ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿ, "ಹಂಗಾದ್ರ ಖರೇನ ಏನೋ," ಎಂದು ಮೆಲ್ಲಗೆ ಹೇಳಿ ಹೊರಡಲು ತಿರುಗಿದಳು.

ಅರುಣಾ ಯಾವಾಗ ಹೊರಗೆ ಬಂದಳೋ ಯಾರೂ ಗಮನಿಸಿರಲಿಲ್ಲ. ಅವಳ ಕೈಗಳಿಂದ ಅಕ್ಕಿ ತೊಳೆದ ನೀರು ತೊಟ್ಟಿಕ್ಕುತ್ತಿತ್ತು, ಕಾಲಿಗೆ ಚಪ್ಪಲಿ ಇರಲಿಲ್ಲ. ಒದ್ದೆ ನೆಲದ ಮೇಲೆ ನೇರ ಪೆಟ್ಟಿಗೆಯತ್ತ ನಡೆದು ಕೈ ಚಾಚಿದಳು.

"ಅರುಣಾ! ಸಾಯ್ತೀ ಲೇ, ಮುಟ್ಟಬ್ಯಾಡ!"

ಹುಲುಗೇಶ ಕೂಗಿದ ಸದ್ದಿಗೆ ರಸ್ತೆಯಲ್ಲಿ ಹೋಗುವವರು ನಿಂತರು. ಅವನು ಹಾರಿ ಅವಳ ಜಡೆ ಹಿಡಿದು ಹಿಂದಕ್ಕೆ ಎಳೆದ. ಅವಳು ಕೆಸರಿನಲ್ಲಿ ಬಿದ್ದಳು. ಅವನು ಗೋಡೆಯಿಂದ ವೈರು ಕಿತ್ತೆಸೆದ. ಮೋಟರು ನಿಂತಿತು. ಕೂಸು ಹೆದರಿ ಅಳತೊಡಗಿತು.

ಪಾರಮ್ಮ ಹುಲುಗೇಶನ ಮುಖವನ್ನೂ ನೆಲದಲ್ಲಿ ಬಿದ್ದ ವೈರನ್ನೂ ನೋಡಿದಳು. ಬೈಯಲಿಲ್ಲ. ಅರುಣಾಳ ಹತ್ತಿರ ಬಗ್ಗಿ, "ನಿನ್ನ ಹೆಸರೇನವ್ವ?" ಎಂದು ಕೇಳಿದಳು.

"ಅರುಣಾ."

"ನಿನಗ ಗೊತ್ತಿತ್ತೇನು?"

"ಮೊದಲು ನನಗ ಒಂದು ಸಲ ಜುಮ್ ಅಂದಿತ್ತು," ಎಂದಳು ಅರುಣಾ.

ಪಾರಮ್ಮ ತಲೆಯಾಡಿಸಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

ಚಿದಾನಂದಪ್ಪ ತನ್ನ ಅಂಗೈ ನೋಡಿಕೊಳ್ಳುತ್ತಾ ಕುರ್ಚಿಯಲ್ಲಿ ಕುಸಿದಿದ್ದ. "ನಾ ಕೈ ಇಡುವಾಗ ಬಾಯಿ ಬಿಡಲಿಲ್ಲಲ್ಲೋ. ಅಪ್ಪ ಸತ್ತರ ಸಾಯ್ಲಿ ಅಂತ ನಿಂತಿದ್ದೇನು?"

"ನಿನ್ನ ಕೈ ಒಣಗಿತ್ತಪ್ಪ. ಕಾಲಾಗ ರಬ್ಬರ್ ಚಪ್ಪಲಿ ಇತ್ತು. ಏನೂ ಆಗೂದಿಲ್ಲ ಅಂತ..."

"ಅಂದ್ರ ಎಲ್ಲಾ ಗೊತ್ತಿತ್ತು ನಿನಗ."

ಮುದುಕ ಅಂದಿನಿಂದ ಮಗನ ಜತೆ ಮಾತು ಬಿಟ್ಟ. ತಾಟನ್ನು ಅಂಗಡಿಗೇ ತರಿಸಿಕೊಂಡು, ರಸ್ತೆಗೆ ಮುಖ ಮಾಡಿ ಒಬ್ಬನೇ ಉಣ್ಣುತ್ತಿದ್ದ.

ಸಾವಂತ್ರಮ್ಮನ ಸಿಟ್ಟು ಮಾತ್ರ ಸೊಸೆಯ ಮೇಲೆ ತಿರುಗಿತು. "ಆಕಿ ಹೊಂಟಿದ್ದಳು. ಹೊಂಟು ಹೊರಗ ಕಾಲಿಟ್ಟಿದ್ದಳು. ನಿನ್ನ ಕೈ ಆ ಹೊತ್ತಿಗೇ ಒದ್ದಿ ಆಗಬೇಕಿತ್ತೇನು?"

"ಆಕಿ ಮಗಳು ಸತ್ತಾಳತ್ತಿ."

"ನನ್ನ ಮಗ ಬದುಕ್ಯಾನ. ಅದನ್ನ ನೋಡು."

"ಆ ಪೆಟ್ಟಿಗಿ ಬ್ಯಾಡ ಅಂತ ಮೊದಲ ದಿನ ಉಣ್ಣಲಾರದ ಕೂತಾಕಿ ನೀವ ಅಲ್ರೇನು?"

"ಬ್ಯಾಡಂದಿದ್ದೆ. ಈಗೂ ಬ್ಯಾಡಂತೀನಿ. ಹಂಗಂತ ಮಗನ್ನ ಜೈಲಿಗೆ ಕಳಿಸು ಅಂದಿದ್ನೇನು?" ಎಂದು ಮುದುಕಿ ಕೈಯಲ್ಲಿದ್ದ ಲಟ್ಟಣಿಗೆಯನ್ನು ನೆಲಕ್ಕೆ ಕುಕ್ಕಿದಳು.

ನಾಲ್ಕು ದಿನದ ಮೇಲೆ ಸಿರುಗುಪ್ಪದ ಪೊಲೀಸರು ಬಂದು ಪೆಟ್ಟಿಗೆಯನ್ನು ಎತ್ತಿಕೊಂಡು ಹೋದರು. ಪಾರಮ್ಮ ದೂರು ಕೊಟ್ಟಿದ್ದಳು. ಸುಮಂಗಲಾಳನ್ನು ಮಣ್ಣಿನಿಂದ ತೆಗೆದು ಡಾಕ್ಟರು ನೋಡಿದರೆಂದೂ ಅಷ್ಟರಲ್ಲಿ ನೋಡಲು ಹೆಚ್ಚೇನೂ ಉಳಿದಿರಲಿಲ್ಲವೆಂದೂ ಸುದ್ದಿ ಬಂತು. ಚಂದ್ರಣ್ಣ ಎರಡು ದಿನ ಠಾಣೆಯಲ್ಲಿ ಕೂತು ಬಂದಿದ್ದ. ಹೇಳಿಕೆ ಕೊಡಲು ಬರಬೇಕೆಂದು ಅರುಣಾಳಿಗೂ ಕರೆ ಬಂತು.

ಅಂಗಡಿಗೆ ಈಗ ಬೈಕುಗಳೂ ಬರುತ್ತಿರಲಿಲ್ಲ. ಎದುರಿನ ಹೋಟೆಲಿನವರು ಚಾ ಕಳಿಸುವುದನ್ನು ನಿಲ್ಲಿಸಿದರು. ಅರುಣಾ ಮನೆಗೆಲಸ ಒಂದೂ ಬಿಡದೆ ಮಾಡಿದಳು. ಅವಳು ಬಡಿದ ರೊಟ್ಟಿಯನ್ನು ಸಾವಂತ್ರಮ್ಮ ಪಕ್ಕಕ್ಕೆ ಸರಿಸಿ, ತಾನೇ ಬೇರೆ ಬಡಿದು ಮಗನಿಗೆ ಬಡಿಸಿದಳು. ಹುಲುಗೇಶ ಎರಡರಲ್ಲೂ ಅರ್ಧ ತಿಂದು ಏಳುತ್ತಿದ್ದ.

ಹೇಳಿಕೆಯ ದಿನ ಬೆಳಿಗ್ಗೆ ಸಾವಂತ್ರಮ್ಮ ಸೊಸೆಯ ಮುಂದೆ ಬಂದು ನಿಂತಳು. ಈ ಸಲ ಬೈಯಲಿಲ್ಲ. "ಅರುಣಾ, ನಿನ್ನ ಕಾಲು ಹಿಡೀತೀನಿ. ನೆನಪಿಲ್ಲ ಅನ್ನು. ಅಷ್ಟ."

ಅರುಣಾ ಬಗ್ಗಲು ಬಂದ ಅತ್ತೆಯ ತೋಳು ಹಿಡಿದು ನಿಲ್ಲಿಸಿದಳು. "ನೀವು ನನ್ನ ಕಾಲು ಹಿಡೀಬಾರ್ದತ್ತಿ," ಎಂದಳೇ ಹೊರತು ಬೇರೆ ಮಾತು ಕೊಡಲಿಲ್ಲ.

ಬಸ್ಸಿಗೆ ಹೊರಟವಳನ್ನು ಹುಲುಗೇಶ ತಡೆದ. "ಬೈಕ್ ಹತ್ತು. ನಾ ಬಿಡ್ತೀನಿ."

ಕುರುಗೋಡಿನ ಬಂಡೆಗುಡ್ಡ ಹಿಂದಾಗಿ, ಕಾಲುವೆ ದಾಟಿ, ಎರಡೂ ಕಡೆ ನಾಟಿ ಮಾಡಿದ ಗದ್ದೆಗಳು ಬಂದವು. ಆಮೇಲೆ ಅವನು ಬೈಕನ್ನು ನಿಧಾನ ಮಾಡಿ, ಮುಂದೆಯೇ ನೋಡುತ್ತಾ ಹೇಳಿದ:

"ಆ ಪೆಟ್ಟಿಗಿ ಪ್ಲಗ್ಗಿಗೆ ಮೂರು ಪಿನ್ ಇದ್ವು. ಹಳ್ಳಿ ಮನ್ಯಾಗ ಎಲ್ಲೀ ಮೂರು ತೂತಿನ ಬೋರ್ಡ್ ಇರ್ತಾವ? ಹೋದಲ್ಲೆಲ್ಲಾ ತ್ರಾಸ ಆಗ್ತಿತ್ತು. ಮೂರನೇ ವೈರು, ಶಾಕ್ ತಡಿಯೋ ಅರ್ಥಿಂಗ್ ವೈರು, ಕತ್ತರಿಸಿ ಎರಡು ಪಿನ್ನಿಂದು ಹಾಕಿದೆ. ತಂದ ತಿಂಗಳದಾಗ."

"ಅದಕ್ಕ ಹಿಂಗಾತೇನ್ರಿ?"

"ಒಳಗ ಮೋಟರಿನ ವೈರು ಸವದಿತ್ತು. ನೀ ಹೇಳಿದ ಮರುದಿನ ಕಂಡಿತ್ತು ನನಗ. ಟೇಪ್ ಸುತ್ತಿದೆ. ಮಳಿಗಾಲ ಮುಗೀಲಿ, ಕೌಲ್ ಬಜಾರಿಗೆ ಒಯ್ದು ಹೊಸಾದು ಹಾಕಿಸಿದ್ರಾತು ಅಂದ್ಕೊಂಡೆ. ಮೂರನೇ ವೈರು ಇದ್ದಿದ್ರ ಆಕಿಗೆ ಅಷ್ಟು ಹೊಡೀತಿರ್ಲಿಲ್ಲ."

"ಇದನ್ನ ನನಗ್ಯಾಕ ಹೇಳ್ತೀರಿ ಈಗ?"

"ಯಾರಿಗರ ಹೇಳಬೇಕಾಗಿತ್ತು."

ಅರುಣಾ ಹಿಂದೆ ಕೂತು ಅತ್ತಳು. ಅವನ ಬೆನ್ನಿಗೆ ಒರಗಲಿಲ್ಲ. ಸೀಟಿನ ಹಿಂದಿನ ಕಂಬಿಯನ್ನು ಹಿಡಿದುಕೊಂಡೇ ಇದ್ದಳು.

ಸಿರುಗುಪ್ಪದ ಠಾಣೆಯ ಪಡಸಾಲೆಯಲ್ಲಿ ಪಾರಮ್ಮ ಮೊಮ್ಮಗಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಅರುಣಾಳನ್ನು ಒಳಗೆ ಕರೆದರು. ಹುಲುಗೇಶ ಹೊರಗೆ ಬೇವಿನ ಗಿಡದ ಕೆಳಗೆ ಬೈಕಿನ ಮೇಲೆಯೇ ಕೂತ.

ಅವಳು ಹೊರಗೆ ಬಂದಾಗ ಬಿಸಿಲು ಏರಿತ್ತು.

"ಹೇಳಿದ್ಯೇನು?"

"ಹೇಳಿದೆ. ನನಗ ಜುಮ್ ಅಂದಿದ್ದು, ನಿಮಗ ತಿಳಿಸಿದ್ದು."

"ನಾ ದಾರ್ಯಾಗ ಹೇಳಿದ್ದು?"

"ಅದು ನಾ ಕಣ್ಣಿಲೆ ನೋಡಿದ್ದಲ್ಲ. ಅವರು ಕೇಳಲಿಲ್ಲ, ನಾ ಹೇಳಲಿಲ್ಲ."

ಹುಲುಗೇಶ ಬೇವಿನ ಗಿಡದ ಬುಡ ನೋಡಿದ. "ಒಳಗಿನ ಪೊಲೀಸ ಒಬ್ಬಂವ ಹೊರಗ ಬಂದಿದ್ದ. ಎಲ್ಲಾ ಆ ಮನಿ ತಂತಿ ಮ್ಯಾಲ ಹೊಂಟೈತಿ, ಚಂದ್ರಣ್ಣನ ಮ್ಯಾಲ ಕೇಸ್ ನಿಲ್ತೈತಿ ಅಂದ. ಸುಮ್ಮನಿದ್ರ ನಾ ಉಳೀಬಹುದು."

"ಉಳೀಬಹುದು," ಎಂದಳು ಅರುಣಾ.

"ಆ ಕೂಸಿಗೆ ಅಪ್ಪ ಅಂತ ಅವನೊಬ್ಬನ ಅದಾನ."

ಪಡಸಾಲೆಯಲ್ಲಿ ಕೂಸು ಎದ್ದು ನೀರು ಕೇಳುತ್ತಿತ್ತು. ಪಾರಮ್ಮ ಬಾಟಲಿಯ ಮುಚ್ಚಳ ತಿರುವಲಾರದೆ ಸೆರಗಿನಲ್ಲಿ ಹಿಡಿದು ತಿರುವುತ್ತಿದ್ದಳು. ಹುಲುಗೇಶ ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಬೈಕಿನಿಂದ ಇಳಿದು, ಕೀಲಿಯನ್ನೂ ಜೇಬಿನಲ್ಲಿದ್ದ ಫೋನನ್ನೂ ಹೆಂಡತಿಯ ಕೈಗೆ ಕೊಟ್ಟ.

"ಹೊತ್ತಾದ್ರ ಬಸ್ ಹಿಡದು ಹೋಗು. ಅಪ್ಪಗ ನೀನ ಹೇಳು, ಬ್ಯಾರೆಯವರ ಬಾಯಾಗ ಕೇಳೂದು ಬ್ಯಾಡ."

ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ. ಪಾರಮ್ಮನ ಎದುರು ಒಂದು ಗಳಿಗೆ ನಿಂತ. ಆಮೇಲೆ ಒಳಗೆ ಹೋದ.

ಅರುಣಾ ಬಂದು ಬೆಂಚಿನ ತುದಿಗೆ ಕೂತಳು. ಪಾರಮ್ಮ ಅವಳತ್ತ ತಿರುಗಲಿಲ್ಲ. ಎದ್ದು ದೂರವೂ ಹೋಗಲಿಲ್ಲ. ತೆರೆದ ಬಾಗಿಲಿನಿಂದ ಒಳಗಿನ ಮಾತು ಇಬ್ಬರಿಗೂ ಕೇಳುತ್ತಿತ್ತು.

"ಹೆಸರು?"

"ಹುಲುಗೇಶ. ತಂದಿ ಚಿದಾನಂದಪ್ಪ. ಕುರುಗೋಡು."

"ನಿನ್ನ ಕರದಿಲ್ಲಲ್ಲ ಇವತ್ತು. ಏನು ಕೆಲಸ ಮಾಡ್ತಿ?"

"ಬೈಕ್ ಮೆಕ್ಯಾನಿಕ್ ರೀ."

"ಮತ್ತ ಆ ಪೆಟ್ಟಿಗಿ?"



"ಅದು ನಂದ್ರಿ. ವೈರು ಕತ್ತರಿಸಿದಾಂವ ನಾನ."